ನಿಮಗಿದು ಗೊತ್ತೆ? ಟೈ ಬಿಚ್ಚಿಟ್ಟು ಕರೆಂಟ್ ಉಳಿಸಿದ ಕಚೇರಿಗಳು

ಬೇಸಿಗೆಯಲ್ಲಿ ಕೋಟು, ಟೈ ಇಲ್ಲದೆ ಕೆಲಸಕ್ಕೆ ಬನ್ನಿ ಎಂದು 2005ರಲ್ಲಿ ಜಪಾನ್ ಸರ್ಕಾರ ತನ್ನ ನೌಕರರಿಗೆ ಹೇಳಿತು. ಆಗಿನ ಪರಿಸರ ಸಚಿವೆ ಯುರಿಕೊ ಕೊಯಿಕೆ ಆರಂಭಿಸಿದ ಈ ಅಭಿಯಾನದ ಹೆಸರು ‘ಕೂಲ್ ಬಿಜ್’. ಕಚೇರಿಗಳ ಎ.ಸಿ.ಯನ್ನು 28 ಡಿಗ್ರಿ ಸೆಲ್ಸಿಯಸ್‌ಗೆ ಇಡಬೇಕು, ಆ ಬಿಸಿಗೆ ತಕ್ಕ ಹಗುರ ಬಟ್ಟೆ ತೊಡಬೇಕು ಎಂಬುದು ಅದರ ತಿರುಳು. ಸೂಟು ತೊಡುವುದೇ ಶಿಸ್ತು ಎಂದು ನಂಬಿದ್ದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಪ್ರಧಾನಿ ಜುನಿಚಿರೊ ಕೊಯಿಜುಮಿ ತಾವೇ ಟೈ ಬಿಟ್ಟು, ಒಕಿನಾವಾದ ಸಡಿಲ ಅಂಗಿ ತೊಟ್ಟು ಕಾಣಿಸಿಕೊಂಡರು. 2011ರ ಫುಕುಶಿಮಾ ಅಣುಸ್ಥಾವರ ದುರಂತದ ನಂತರ ವಿದ್ಯುತ್ ಕೊರತೆಯಾದಾಗ ನಿಯಮ ಇನ್ನಷ್ಟು ಸಡಿಲಗೊಂಡು, ಪೋಲೊ ಟೀ ಶರ್ಟ್‌ಗೂ ಒಪ್ಪಿಗೆ ಸಿಕ್ಕಿತು.

ಲೆಕ್ಕ ಸರಳ. ಹೊರಗೆ 35 ಡಿಗ್ರಿ ಇದ್ದು ಒಳಗೆ 21 ಇಟ್ಟರೆ ಅಂತರ 14. ಒಳಗೆ 28 ಇಟ್ಟರೆ ಅಂತರ ಬರೀ 7. ಗೋಡೆ, ಗಾಜಿನ ಮೂಲಕ ಒಳನುಗ್ಗುವ ಶಾಖವೂ ಅರ್ಧಕ್ಕೆ ಇಳಿಯುತ್ತದೆ.

ಭಾರತದಲ್ಲಿ 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಕೊಠಡಿ ಎ.ಸಿ.ಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೊ ಅಂದಾಜು. ಬೇಗ ತಂಪಾಗಲೆಂದು ರಿಮೋಟ್‌ನಲ್ಲಿ 16 ಒತ್ತುವವರು ಗಮನಿಸಬೇಕು: ಇನ್ವರ್ಟರ್ ಇಲ್ಲದ ಎ.ಸಿ. ಕಂಪ್ರೆಸರ್‌ಗೆ ಇರುವುದು ಒಂದೇ ವೇಗ. 24 ಡಿಗ್ರಿಗೆ ಇಳಿಯಲು ಎರಡೂ ಸೆಟ್ಟಿಂಗ್‌ಗೆ ಹಿಡಿಯುವ ಸಮಯ ಒಂದೇ.