ಗಾಡಿ ಯಾವಾಗ ಮಿಸ್ ಹೊಡೆಯುತ್ತೆ?

ಮಾರುತಿ 800ರ ಮೂರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಅದರೊಳಗೆ ಸೆಕೆಂಡಿಗೆ 75 ಸಲ ಕಿಡಿ ಹಾರಬೇಕು. 1-3-2 ಎಂಬ ಸರದಿಯಲ್ಲಿ, ಒಂದೂ ತಪ್ಪದಂತೆ. ಹತ್ತು ನಿಮಿಷ ಹೀಗೆ ಓಡಿದರೆ 45 ಸಾವಿರ ಕಿಡಿ. ಅದರಲ್ಲಿ ಇಪ್ಪತ್ತೋ ಮೂವತ್ತೋ ಕೈಕೊಟ್ಟರೆ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೆ ಸ್ಟಿಯರಿಂಗ್ ಹಿಡಿದವರಿಗೆ ಗಾಡಿ ಮುಗ್ಗರಿಸಿದ್ದು ಗೊತ್ತಾಗಿಬಿಡುತ್ತದೆ. 796 ಸಿಸಿಯ ಪುಟ್ಟ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಮಲಗಿದರೆ ಮೂರನೇ ಒಂದು ಪಾಲು ಶಕ್ತಿಯೇ ಹೋದಂತೆ.

ಗ್ಯಾರೇಜಿನಲ್ಲಿ ಇದಕ್ಕೆ ‘ಮಿಸ್ಸಿಂಗ್’ ಅನ್ನುತ್ತಾರೆ. ಸದಾಕಾಲ ಮಿಸ್ಸಿಂಗ್ ಇರುವ ಗಾಡಿಯನ್ನು ಸರಿಮಾಡುವುದು ದೊಡ್ಡ ವಿದ್ಯೆಯೇನಲ್ಲ. ದೋಷ ಕಣ್ಣೆದುರೇ ಇರುತ್ತದೆ. ತಲೆ ತಿನ್ನುವುದು ಬಂದುಹೋಗುವ ಮಿಸ್ಸಿಂಗ್. ಅದರ ಕಥೆ ಹೆಚ್ಚುಕಡಿಮೆ ಎಲ್ಲ ಊರಲ್ಲೂ ಒಂದೇ. ಮೊದಲು ಪ್ಲಗ್ ಬದಲಾಗುತ್ತದೆ. ಆಮೇಲೆ ‘ಕಚರಾ ಬಂದಿದೆ’ ಎಂದು ಕಾರ್ಬೊರೇಟರ್ ಬಿಚ್ಚಿ ತೊಳೆಯುತ್ತಾರೆ. ನಂತರ ಕಾಯಿಲ್, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡೆಲ್ಕೊ ಕ್ಯಾಪ್, ಪೆಟ್ರೋಲ್ ಪಂಪ್. ಬಿಲ್ಲು ಬೆಳೆಯುತ್ತದೆ, ಮಿಸ್ಸಿಂಗ್ ಮಾತ್ರ ಎಲ್ಲೂ ಹೋಗುವುದಿಲ್ಲ. ಇದಕ್ಕೆ ಮೆಕ್ಯಾನಿಕ್‌ಗಳನ್ನಷ್ಟೇ ಬೈದು ಪ್ರಯೋಜನವಿಲ್ಲ. ಬದಲಿಸಿದ ಪಾರ್ಟಿಗೆ ಮರುಮಾತಿಲ್ಲದೆ ದುಡ್ಡು ಕೊಡುವ ಗಿರಾಕಿ, ಒಂದು ಗಂಟೆ ಬಾನೆಟ್ ಎತ್ತಿಕೊಂಡು ಯೋಚಿಸಿದ್ದಕ್ಕೆ ಬಿಡಿಗಾಸು ಬಿಚ್ಚುವುದಿಲ್ಲ.

ಪಳಗಿದ ಕೈ ಸ್ಪ್ಯಾನರ್ ಎತ್ತುವ ಮೊದಲು ಪ್ರಶ್ನೆ ಕೇಳುತ್ತದೆ. “ಯಾವಾಗ ಹೊಡೀತದೆ ಸಾರ್? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೋ, ಬಿಸಿ ಆದ್ಮೇಲೋ? ಲೋಡ್ ಬಿದ್ದಾಗಲೋ, ನಿಂತಲ್ಲೋ?” ಉತ್ತರ “ಒಂದೊಂದ್ಸಲ” ಎಂದು ಬಂದರೆ ಅವತ್ತಿನ ಅರ್ಧ ದಿನ ಹೋಯಿತೆಂದೇ ಲೆಕ್ಕ.

ಈ ‘ಯಾವಾಗ’ಕ್ಕೆ ಎಷ್ಟು ತೂಕ ಎಂದು ತಿಳಿಯಲು, ಮಳೆಗಾಲದಲ್ಲಿ ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಹೊರಟ ಒಂದು ಹಳೆಯ ಕಾರ್ಬೊರೇಟರ್ ಕಾರನ್ನು ಕಲ್ಪಿಸಿಕೊಂಡರೆ ಸಾಕು. ಕೆಳಗೆ ಟಾಪ್ ಗೇರಿನಲ್ಲಿ ಸಲೀಸಾಗಿ ಬಂದ ಗಾಡಿ, ಏರುತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಜರ್ಕ್ ಹೊಡೆಯುತ್ತದೆ. ಕಾಲು ಸಡಿಲಿಸಿದರೆ ಸರಿ, ಒತ್ತಿದರೆ ಮತ್ತೆ ಅದೇ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್ ನುಗ್ಗುತ್ತದೆ. ಪಿಸ್ಟನ್ ಅದನ್ನು ಅದುಮಿದಾಗ ಒತ್ತಡವೂ ಅಷ್ಟೇ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ ತುದಿಯ ಸಂದಿಯನ್ನು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. 12 ವೋಲ್ಟಿನ ಬ್ಯಾಟರಿಯನ್ನು ನಂಬಿಕೊಂಡು ಇಗ್ನಿಷನ್ ಕಾಯಿಲ್ ಹುಟ್ಟಿಸುವುದು 15ರಿಂದ 25 ಸಾವಿರ ವೋಲ್ಟ್. ಪ್ಲಗ್ ಸವೆದು ಗ್ಯಾಪ್ ಹಿಗ್ಗಿದ್ದರೆ, ಅಥವಾ ಪ್ಲಗ್ ವೈರಿನ ರಬ್ಬರ್ ಬಿರುಕು ಬಿಟ್ಟಿದ್ದರೆ, ಆ ಕರೆಂಟು ಸಂದಿ ದಾಟುವ ಬದಲು ಸುಲಭದ ದಾರಿ ಹಿಡಿದು ಎಂಜಿನ್ ಮೈಗೆ ಇಳಿದುಬಿಡುತ್ತದೆ. ನಿಂತಲ್ಲೇ ಐಡ್ಲಿಂಗ್‌ನಲ್ಲಿ ಅಷ್ಟೊಂದು ವೋಲ್ಟೇಜನ್ನು ಎಂಜಿನ್ ಕೇಳುವುದೇ ಇಲ್ಲ. ಗ್ಯಾರೇಜಿನ ಮುಂದೆ ನಿಲ್ಲಿಸಿಕೊಂಡು ಎಷ್ಟು ರೇಸ್ ಮಾಡಿದರೂ ದೋಷ ಕಾಣಿಸದಿರುವುದು ಇದಕ್ಕೇ.

ಅದೇ ಘಾಟಿಯ ಮಂಜು, ಜಿಟಿಜಿಟಿ ಮಳೆ ಇನ್ನೊಂದು ಬಗೆಯ ಮಿಸ್ಸಿಂಗ್ ತರುತ್ತದೆ. ಮಲೆನಾಡಿನವರಿಗೆ ಇದರ ಪರಿಚಯ ಚೆನ್ನಾಗಿದೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಾಡಿ ನಡುಗುತ್ತದೆ, ಕೆಮ್ಮುತ್ತದೆ, ಹತ್ತು ನಿಮಿಷ ಓಡಿದ ಮೇಲೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತದೆ. ಎಂಜಿನ್ ಕಾವಿಗೆ ತೇವ ಆರಿತು, ಅಷ್ಟೆ. ಡೆಲ್ಕೊ ಕ್ಯಾಪನ್ನು ಬಿಚ್ಚಿ ಒಳಮೈಯನ್ನು ಟಾರ್ಚ್ ಹಿಡಿದು ನೋಡಿದರೆ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಪೆನ್ಸಿಲ್ಲಿನಲ್ಲಿ ಎಳೆದಂಥ ಕಪ್ಪು ಗೆರೆ ಸಿಗಬಹುದು. ಕಿಡಿ ಪದೇ ಪದೇ ಅಡ್ಡದಾರಿ ಹಿಡಿದು ಸುಟ್ಟ ಇಂಗಾಲದ ಜಾಡು ಅದು. ಒಮ್ಮೆ ಬಿದ್ದರೆ ಒರೆಸಿ ಪ್ರಯೋಜನವಿಲ್ಲ, ಕ್ಯಾಪ್ ಬದಲಿಸಬೇಕು.

ಹೊರಗಿನ ಸೋರಿಕೆ ಹಿಡಿಯಲು ಕತ್ತಲಿಗಿಂತ ಒಳ್ಳೆಯ ಉಪಕರಣ ಇಲ್ಲ. ರಾತ್ರಿ ಲೈಟುಗಳನ್ನೆಲ್ಲ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ಬಟ್ಟೆ ಇಸ್ತ್ರಿಗೆ ನೀರು ಸಿಂಪಡಿಸುವ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ ಸಣ್ಣಗೆ ತುಂತುರು ಹಾಕುತ್ತಾರೆ. ಒಂದೊಂದೇ ವೈರು, ನಿಧಾನವಾಗಿ, ಪ್ಲಗ್ಗಿನ ಕಡೆಯಿಂದ ಕ್ಯಾಪಿನ ಕಡೆಗೆ. ವೈರು ಚೆನ್ನಾಗಿದ್ದರೆ ಏನೂ ಆಗುವುದಿಲ್ಲ. ಬಿರುಕಿರುವ ಕಡೆ ನೀರು ತಾಗಿದ ಕೂಡಲೇ ನೀಲಿ ಎಳೆಯೊಂದು ಚಟಚಟ ಎಂದು ಎಂಜಿನ್ ಮೈಗೆ ಜಿಗಿಯುತ್ತದೆ, ಅದೇ ಕ್ಷಣಕ್ಕೆ ಎಂಜಿನ್ನಿನ ಸದ್ದು ಕೆಡುತ್ತದೆ. ಹಗಲಿನಲ್ಲಿ ಇದೇ ಎಳೆ ಕಣ್ಣಿಗೆ ಬೀಳುವುದಿಲ್ಲ. ಕೈ ಮಾತ್ರ ದೂರ ಇರಬೇಕು. 20 ಸಾವಿರ ವೋಲ್ಟಿನ ಹೊಡೆತಕ್ಕೆ ಕೈ ಹಿಂದಕ್ಕೆ ಎಳೆದುಕೊಂಡರೆ ಅದು ಹೋಗಿ ತಾಗುವುದು ತಿರುಗುವ ಫ್ಯಾನಿಗೋ ಬೆಲ್ಟಿಗೋ.

ಇನ್ನು ಕೊಟ್ಟಿಗೆಹಾರ. ನೀರುದೋಸೆ ತಿಂದು, ಕಾಫಿ ಕುಡಿದು, ಕಾಲು ಗಂಟೆಯ ಮೇಲೆ ಗಾಡಿ ಸ್ಟಾರ್ಟ್ ಮಾಡಿದರೆ ಒಂದೆರಡು ಕಿಲೋಮೀಟರ್ ಕುಂಟುತ್ತದೆ, ಆಮೇಲೆ ಸರಿಹೋಗುತ್ತದೆ. ಎಂಜಿನ್ ಆಫ್ ಮಾಡಿದೊಡನೆ ಬಾನೆಟ್ ಒಳಗೆ ತಣ್ಣಗಾಗತೊಡಗುತ್ತದೆ ಎಂಬುದು ಜನರ ಎಣಿಕೆ. ಆಗುವುದು ತದ್ವಿರುದ್ಧ. ನೀರಿನ ಓಡಾಟ ನಿಲ್ಲುತ್ತದೆ, ಎದುರು ಗಾಳಿಯೂ ಇಲ್ಲ. ಘಾಟಿ ಹತ್ತಿ ಕಾದ ಕಬ್ಬಿಣದ ಬಿಸಿಯೆಲ್ಲ ಕಾರ್ಬೊರೇಟರಿಗೆ, ಪೆಟ್ರೋಲ್ ಪೈಪಿಗೆ ಹರಿಯುತ್ತದೆ. ಒಳಗಿನ ಪೆಟ್ರೋಲ್ ಕುದಿದು ಆವಿಯಾಗುತ್ತದೆ, ಪಂಪು ದ್ರವದ ಬದಲು ಆವಿ ಎಳೆಯುತ್ತದೆ. ಅಂಬಾಸಿಡರ್, ಪದ್ಮಿನಿ ಕಾಲದ ಡ್ರೈವರುಗಳು ಘಾಟಿಯಲ್ಲಿ ಗಾಡಿ ನಿಲ್ಲಿಸಿ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಸುಮ್ಮನೆ ಅಲ್ಲ.

ಬಿಸಿಗೆ ಬರುವ ಮಿಸ್ಸಿಂಗ್‌ನಲ್ಲಿ ಪೆಟ್ರೋಲಿನಷ್ಟೇ ಅನುಮಾನ ಪಡಬೇಕಾದ್ದು ಇಗ್ನಿಷನ್ ಮೇಲೆ. ಕಾಯಿಲ್‌ನೊಳಗಿನ ತಂತಿಗಳ ಇನ್ಸುಲೇಷನ್ ಹಳತಾದರೆ ತಣ್ಣಗಿದ್ದಾಗ ತಡೆಯುತ್ತದೆ, ಕಾದಾಗ ಸೋಲುತ್ತದೆ. ಕಾಯಿಲ್ಲಿನ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟ್ ಸೆಟ್ ಇರುವ ಗಾಡಿಗಳಲ್ಲಿ ಕಂಡೆನ್ಸರ್‌ದೂ ಇದೇ ಬುದ್ಧಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರಿಗೆಂದು ರೂಪಿಸಿದ ಈ ಪಾಯಿಂಟ್ ವ್ಯವಸ್ಥೆ ನಮ್ಮ ಅಂಬಾಸಿಡರ್, ಪದ್ಮಿನಿಗಳಲ್ಲಿ ದಶಕಗಟ್ಟಲೆ ಹಾಗೇ ನಡೆದುಕೊಂಡು ಬಂತು. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ 3000 ಸುತ್ತಿಗೆ ಆ ಪುಟ್ಟ ಪಾಯಿಂಟುಗಳು ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು, ಅದೂ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಬಾಯಿ ಬಿಡದೆ. ಪ್ರತಿಸಲ ತೆರೆದಾಗಲೂ ಅಲ್ಲಿ ಕಿಡಿ ಹಾರದಂತೆ ನೋಡಿಕೊಳ್ಳುವುದು ಕಂಡೆನ್ಸರ್ ಕೆಲಸ. ಅದು ಕೈಕೊಟ್ಟರೆ ಪಾಯಿಂಟಿನ ಒಂದು ಮೈಯಲ್ಲಿ ಗುಳಿ, ಇನ್ನೊಂದರಲ್ಲಿ ಗುಬ್ಬಿ ಏಳುತ್ತದೆ. ಉಜ್ಜುಕಾಗದದಲ್ಲಿ ತಿಕ್ಕಿ ಕೂರಿಸಿದರೆ ಎರಡು ವಾರ ಓಡೀತು. ಹೊಸ ಕಂಡೆನ್ಸರ್ ಹಾಕಿಯೂ ಸರಿಹೋಗದಿದ್ದರೆ ಹೊಸದರ ಮೇಲೆಯೇ ಅನುಮಾನ ಪಡುವುದು ಜಾಣತನ. ಹೀಗಾಗಿಯೇ ಹಳೆಯ ಮೆಕ್ಯಾನಿಕ್‌ಗಳ ಡಬ್ಬಿಯಲ್ಲಿ ‘ಇದು ಗ್ಯಾರಂಟಿ’ ಎಂದು ಎತ್ತಿಟ್ಟ ಒಂದು ಬಳಸಿದ ಕಂಡೆನ್ಸರ್ ಇರುತ್ತದೆ.

ಪ್ಲಗ್ ಬಿಚ್ಚಿದ ತಕ್ಷಣ ಕಸಕ್ಕೆ ಎಸೆಯುವುದು ಸಾಕ್ಷಿಯನ್ನೇ ಎಸೆದಂತೆ. ಯಾವುದು ಯಾವ ಸಿಲಿಂಡರಿನದು ಎಂದು ಸಾಲಾಗಿ ಜೋಡಿಸಿ ನೋಡಬೇಕು. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿಕೊಂಡಿದ್ದರೆ ಕಡಿಮೆ. ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಅಲ್ಲಿ ಕಿಡಿಯೇ ಬೀಳುತ್ತಿಲ್ಲ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ, ಅಂದರೆ 2008ರಿಂದ ಬಾಷ್ ಲಿಮಿಟೆಡ್ ಎಂದಾದ ಕಂಪನಿ, ದೇಶದ ಎರಡು ತಲೆಮಾರಿಗೆ ಪ್ಲಗ್ ಎಂದರೆ ಮೈಕೋ ಎನ್ನುವಷ್ಟು ಅಭ್ಯಾಸ ಮಾಡಿಸಿತು. ಯಾವ ಕಂಪನಿಯದಾದರೂ ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟಿದರಷ್ಟೇ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಮನೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮನೆಗೆ ಅಷ್ಟೇ ಓಡುವ ಕಾರು ಆ ಬಿಸಿಗೆ ಬರುವುದೇ ಇಲ್ಲ. ಅಂಥ ಗಾಡಿ ಮೈಸೂರು ರಸ್ತೆಯಲ್ಲಿ ಒಂದು ಗಂಟೆ ಓಡಿ ಬಂದು ‘ತಾನಾಗಿಯೇ ಸರಿಹೋಯಿತು’ ಎನಿಸಿದರೆ ಅದರಲ್ಲಿ ಪವಾಡವೇನಿಲ್ಲ.

ಕಿಡಿಯ ದೋಷವೋ ಪೆಟ್ರೋಲಿನ ದೋಷವೋ ಎಂದು ಸೀಟಿನಲ್ಲಿ ಕೂತೇ ಊಹಿಸಬಹುದು. ಕಿಡಿ ತಪ್ಪಿದರೆ ಸ್ವಿಚ್ ಆರಿಸಿ ಹಾಕಿದಂಥ ಚುರುಕಾದ ಜರ್ಕ್, ಸೈಲೆನ್ಸರಿನಲ್ಲಿ ಪಟ್ ಎಂಬ ಸದ್ದು. ಪೆಟ್ರೋಲ್ ಸಾಲದಿದ್ದರೆ ಗಾಡಿ ನಿಧಾನಕ್ಕೆ ಸೋಲುತ್ತದೆ, ಕಾರ್ಬೊರೇಟರ್ ಸೀನುತ್ತದೆ. ಹೈವೇಯಲ್ಲಿ ಅರ್ಧ ಗಂಟೆ ಓಡಿ ಎಳೆಯಲಾರದೆ ನಿಂತು, ಹತ್ತು ನಿಮಿಷದ ಮೇಲೆ ಮತ್ತೆ ಜೋರಾಗಿ ಹೊರಡುವ ಗಾಡಿಯ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಬೇಕು. ‘ಹುಸ್’ ಎಂದು ಗಾಳಿ ಒಳಗೆಳೆದುಕೊಂಡರೆ ಮುಚ್ಚಳದ ಗಾಳಿದಾರಿ ಕಟ್ಟಿದೆ. ಟ್ಯಾಂಕಿನೊಳಗೆ ನಿರ್ವಾತವಾಗಿ ಪಂಪು ಸೋತಿದೆ. ಸದ್ದು ಬರದಿದ್ದರೆ ಟ್ಯಾಂಕಿನ ತುಕ್ಕು ಪೈಪಿನ ಬಾಯಿಗೆ ಬಂದು ಕೂರುತ್ತಿರಬಹುದು. ಎಂಜಿನ್ ನಿಂತು ಎಳೆತ ತಪ್ಪಿದಾಗ ಅದು ತಾನೇ ಕೆಳಗೆ ಇಳಿಯುತ್ತದೆ.

ಈಗ ಅನುಮಾನಿತರ ಪಟ್ಟಿಗೆ ಎಥೆನಾಲ್ ಕೂಡ ಸೇರಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. 2025ರ ಹೊತ್ತಿಗೆ ಬಂಕುಗಳಲ್ಲಿ ಅದೇ ಮಾಮೂಲಿ ಪೆಟ್ರೋಲ್ ಆಯಿತು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ ಸುಮಾರು 9 ಕಿಲೋ ಸಾಕು. ಕಂಪ್ಯೂಟರ್ ಇರುವ ಗಾಡಿ ಇದನ್ನು ಅರಿತು ಇಂಧನ ಹೆಚ್ಚಿಸಿಕೊಳ್ಳುತ್ತದೆ. ಕಾರ್ಬೊರೇಟರಿನ ಜೆಟ್ಟಿಗೆ ಆ ಬುದ್ಧಿ ಇಲ್ಲ. ಮೊದಲೇ ಮೈಲೇಜಿನ ಆಸೆಗೆ ಬಿಗಿಮಾಡಿದ ಟ್ಯೂನಿಂಗ್ ಇದ್ದರೆ ಮಿಶ್ರಣ ಇನ್ನೂ ತೆಳುವಾಗಿ ಮಿಸ್ ಹೊಡೆಯುತ್ತದೆ. ಎಥೆನಾಲ್ ನೀರನ್ನೂ ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನೂ ಮೆತ್ತಗೆ ಮಾಡುತ್ತದೆ. ಭಾನುವಾರ ಮಾತ್ರ ಹೊರಬರುವ ವಿಂಟೇಜ್ ಪ್ರೀತಿಯ ಗಾಡಿಗಳಿಗೆ ಇದರ ಬಿಸಿ ಹೆಚ್ಚು. ಆದರೂ ಎಲ್ಲ ಮಿಸ್ಸಿಂಗನ್ನೂ ಇ20 ತಲೆಗೆ ಕಟ್ಟುವ ಈಗಿನ ರೂಢಿ, ಹಿಂದೆ ಎಲ್ಲವನ್ನೂ ‘ಕಚರಾ’ ತಲೆಗೆ ಕಟ್ಟುತ್ತಿದ್ದ ರೂಢಿಯ ತಮ್ಮನಷ್ಟೇ.

ಯಾವ ಸಿಲಿಂಡರ್ ಎಂದು ಹಿಡಿಯಲು ಹಳೆಯ ಉಪಾಯವೇ ಈಗಲೂ ನಡೆಯುತ್ತದೆ. ಮಿಸ್ ಹೊಡೆಯುತ್ತಿರುವಾಗಲೇ ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಒಂದೊಂದೇ ಪ್ಲಗ್ ವೈರ್ ಎಳೆದು, ತುದಿಯನ್ನು ಅರ್ತ್‌ಗೆ ಹಿಡಿಯುವುದು. ಎಂಜಿನ್ ಸದ್ದು ಇನ್ನಷ್ಟು ಕುಸಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಮಲಗಿರುವುದು ಅದೇ. ಆಮೇಲೆ ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ಓಡಿಸಬೇಕು. ದೋಷವೂ ಪಕ್ಕಕ್ಕೆ ಹೋದರೆ ಪ್ಲಗ್ಗೇ ಅಪರಾಧಿ, ಹೋಗದಿದ್ದರೆ ವೈರನ್ನು ಅದಲುಬದಲು ಮಾಡುವುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್, ವೈರ್, ಕಾಯಿಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋದರೂ ಯಾವುದು ಕೆಟ್ಟಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ಹೊಂಡದ ರಸ್ತೆಯಲ್ಲಷ್ಟೇ ಬರುವ ಮಿಸ್ಸಿಂಗ್‌ಗೆ ಇಷ್ಟೆಲ್ಲ ಬೇಕಿಲ್ಲ. ಬ್ಯಾಟರಿ ಟರ್ಮಿನಲ್, ಕಾಯಿಲ್ ಕನೆಕ್ಷನ್, ಎಂಜಿನ್ ಅರ್ತ್ ಪಟ್ಟಿಯನ್ನು ಅಲ್ಲಾಡಿಸಿ ನೋಡಿದರೆ ಹೆಚ್ಚಿನ ಸಲ ಕೈಗೆ ಸಿಕ್ಕಿಬಿಡುತ್ತದೆ.

ಎಲ್‌ಪಿಜಿ, ಸಿಎನ್‌ಜಿ ಕಿಟ್ ಹಾಕಿಸಿದ ಹಳೆಯ ಓಮ್ನಿಯಂಥ ಗಾಡಿಗಳಲ್ಲಿ ಇನ್ನೊಂದು ಗೊಂದಲವಿದೆ. ಗ್ಯಾಸಿನಲ್ಲಿ ಮಿಸ್ಸಿಂಗ್, ಪೆಟ್ರೋಲಿಗೆ ಹಾಕಿದರೆ ಮಾಯ. ಕಿಟ್ ಬಿಚ್ಚಿಸಿ ಸಾವಿರಾರು ರೂಪಾಯಿ ಸುರಿಯುವ ಮೊದಲು ಪ್ಲಗ್, ವೈರ್ ನೋಡಬೇಕು. ಗ್ಯಾಸಿನ ಮಿಶ್ರಣಕ್ಕೆ ಕಿಡಿ ಹಚ್ಚಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕಾದ್ದರಿಂದ ದುರ್ಬಲ ಇಗ್ನಿಷನ್ ಮೊದಲು ಸೋಲುವುದು ಗ್ಯಾಸಿನಲ್ಲೇ.

ಕಾರ್ಬೊರೇಟರ್ ಹೋಗಿ ಕಂಪ್ಯೂಟರ್ ಬಂದ, ಈಗ ಅವೂ ಹಳತಾಗಿರುವ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನ ಒಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದರೆ ಪಿ0302 ಎಂಬಂಥ ಕೋಡ್ ಬರುತ್ತದೆ: ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಪಿ0300 ಆದರೆ ಇಂಥದ್ದೇ ಸಿಲಿಂಡರ್ ಎಂದಿಲ್ಲ. ಪ್ರತಿ ಕಿಡಿಯ ನಂತರ ಕ್ರ್ಯಾಂಕ್‌ಶಾಫ್ಟ್ ಎಷ್ಟು ವೇಗ ಪಡೆಯಿತು ಎಂದು ಅಳೆದು ಕಂಪ್ಯೂಟರ್ ಇದನ್ನು ಹೇಳುತ್ತದೆ. ಏಕೆ ಎಂದು ಅದಕ್ಕೆ ಗೊತ್ತಿಲ್ಲ. ಪ್ಲಗ್ಗೋ ಕಾಯಿಲ್ಲೋ ಇಂಜೆಕ್ಟರೋ ಸುಟ್ಟ ವಾಲ್ವೋ ಎಂಬ ಪ್ರಶ್ನೆ ಮತ್ತೆ ಅದಲುಬದಲಿಗೇ ಬಂದು ನಿಲ್ಲುತ್ತದೆ. ಆದರೆ ಕೋಡಿನ ಜೊತೆಗೆ ‘ಫ್ರೀಜ್ ಫ್ರೇಮ್’ ಎಂಬ ಒಂದು ದಾಖಲೆಯೂ ಇರುತ್ತದೆ: ದೋಷ ಕಾಣಿಸಿದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಸುತ್ತು ತಿರುಗುತ್ತಿತ್ತು, ಲೋಡ್ ಎಷ್ಟು, ವೇಗ ಎಷ್ಟು. ಗಿರಾಕಿ ‘ಒಂದೊಂದ್ಸಲ’ ಎಂದು ತೇಲಿಸುವ ಉತ್ತರ ಅಲ್ಲಿ ಅಂಕಿಗಳಲ್ಲಿ ಬರೆದಿರುತ್ತದೆ. ಎಂಜಿನ್ ಲೈಟ್ ಆರಿಸುವ ಆತುರದಲ್ಲಿ ಕೋಡ್ ಅಳಿಸಿದರೆ ಅದೂ ಜೊತೆಗೇ ಅಳಿಸಿಹೋಗುತ್ತದೆ. ಸ್ಕ್ಯಾನರ್ ಬಟನ್ ಒತ್ತುವ ಮೊದಲು ಮೊಬೈಲಿನಲ್ಲಿ ಅದರ ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕು.