ಸ್ವಂತ ಬಳಕೆಯ ಕಾರಿನ ನಿರ್ವಹಣೆ ಮತ್ತು ಸುರಕ್ಷಿತ ಚಾಲನೆ: ವಾಹನ ಮಾಲೀಕರಿಗೆ ಮಾಹಿತಿ

ಟ್ಯಾಕ್ಸಿ, ಲಾರಿ, ಬಸ್ಸು ಮುಂತಾದ ಸಾರಿಗೆ ವಾಹನಗಳು ನಿಗದಿತ ಅವಧಿಗೊಮ್ಮೆ ಅರ್ಹತಾ ತಪಾಸಣೆಗೆ ಒಳಪಡುತ್ತವೆ. ಆದರೆ ಸ್ವಂತ ಬಳಕೆಯ ಕಾರಿನ ನೋಂದಣಿ ಪ್ರಮಾಣಪತ್ರವು ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41ರ ಅನ್ವಯ 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ಈ ಅವಧಿಯಲ್ಲಿ ಕಾರಿನ ಬ್ರೇಕ್, ಟೈರ್ ಹಾಗೂ ದೀಪಗಳನ್ನು ಸುಸ್ಥಿತಿಯಲ್ಲಿಡುವ ಹೊಣೆಯು ಸಂಪೂರ್ಣವಾಗಿ ಮಾಲೀಕರದ್ದೇ ಆಗಿರುತ್ತದೆ. ಈ ಹಿನ್ನೆಲೆಯಲ್ಲಿ ವಾಹನ ಮಾಲೀಕರು ಅನುಸರಿಸಬೇಕಾದ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಟೈರುಗಳು

ಕಾರು ರಸ್ತೆಯನ್ನು ಸ್ಪರ್ಶಿಸುವುದು ನಾಲ್ಕು ಟೈರುಗಳ ಅಂಗೈಯಗಲದ ಭಾಗದಿಂದ ಮಾತ್ರ. ಆದ್ದರಿಂದ ಹದಿನೈದು ದಿನಗಳಿಗೊಮ್ಮೆ ಹಾಗೂ ದೂರ ಪ್ರಯಾಣಕ್ಕೆ ಮುನ್ನ ಗಾಳಿಯ ಒತ್ತಡವನ್ನು ಪರೀಕ್ಷಿಸಬೇಕು. ಟೈರು ತಣ್ಣಗಿರುವಾಗಲೇ ಪರೀಕ್ಷಿಸುವುದು ಸೂಕ್ತ. ಓಡಿದ ನಂತರ ಒಳಗಿನ ಗಾಳಿ ಬಿಸಿಯಾಗಿ ಒತ್ತಡವು ಹೆಚ್ಚಾಗಿ ಕಾಣುತ್ತದೆ. ಎಷ್ಟು ಒತ್ತಡವಿರಬೇಕೆಂಬ ವಿವರವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿ ನಮೂದಿಸಿರಲಾಗುತ್ತದೆ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕದ ಗೋಡೆಯು ಅತಿಯಾಗಿ ಬಾಗಿ, ಬಿಸಿಯೇರಿ, ಹೆದ್ದಾರಿಯ ವೇಗದಲ್ಲಿ ಸಿಡಿಯುವ ಸಂಭವವಿರುತ್ತದೆ.

ಟೈರಿನ ಗೀರುಗಳ ನಡುವೆ ಸವೆತ ಸೂಚಿಸುವ ಉಬ್ಬುಗಳಿರುತ್ತವೆ. ಮೇಲ್ಮೈ ಸವೆದು ಈ ಉಬ್ಬುಗಳ ಮಟ್ಟಕ್ಕೆ ಬಂದರೆ, ಅಂದರೆ ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದರೆ, ಟೈರನ್ನು ಬದಲಾಯಿಸತಕ್ಕದ್ದು. ಗೀರು ಸವೆದ ಟೈರು ಮಳೆನೀರನ್ನು ಹೊರದೂಡಲಾರದು. ಆಗ ಕಾರು ನೀರಿನ ಪದರದ ಮೇಲೆ ಜಾರುತ್ತದೆ. ಸ್ಟಿಯರಿಂಗ್ ಆಗಲಿ ಬ್ರೇಕ್ ಆಗಲಿ ಕೆಲಸ ಮಾಡುವುದಿಲ್ಲ.

2. ಬ್ರೇಕ್

ಬ್ರೇಕ್ ಆಯಿಲ್ ಮಟ್ಟವು ನಿಧಾನವಾಗಿ ಇಳಿಯುತ್ತಿದ್ದರೆ ಬ್ರೇಕ್ ಪ್ಯಾಡ್ ಸವೆದಿರಬಹುದು ಅಥವಾ ಸೋರಿಕೆಯಿರಬಹುದು. ಕಾರಣವನ್ನು ಪತ್ತೆ ಮಾಡದೆ ಕೇವಲ ಆಯಿಲ್ ತುಂಬಿಸುವುದು ಪರಿಹಾರವಲ್ಲ. ಈ ದ್ರವವು ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ಹಳೆಯ ದ್ರವವು ಉದ್ದನೆಯ ಇಳಿಜಾರಿನಲ್ಲಿ ಕಾದು ಕುದಿದಾಗ ಆವಿಯ ಗುಳ್ಳೆಗಳುಂಟಾಗಿ, ಪೆಡಲ್ ಕೆಳಕ್ಕೆ ಹೋದರೂ ಬ್ರೇಕ್ ಹಿಡಿಯುವುದಿಲ್ಲ. ಆದ್ದರಿಂದ ಕಾರಿನ ಕೈಪಿಡಿಯಲ್ಲಿ ಸೂಚಿಸಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಇದನ್ನು ಬದಲಾಯಿಸತಕ್ಕದ್ದು.

3. ಎಂಜಿನ್

ಎಂಜಿನ್ ಆಯಿಲ್ ಮತ್ತು ಕೂಲೆಂಟ್ ಮಟ್ಟವನ್ನು ಸಮತಟ್ಟಾದ ನೆಲದಲ್ಲಿ, ಎಂಜಿನ್ ತಣ್ಣಗಿರುವಾಗ ಪರೀಕ್ಷಿಸಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಯಾವುದೇ ಕಾರಣಕ್ಕೂ ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಚಿಮ್ಮಿ ತೀವ್ರ ಸುಟ್ಟಗಾಯಗಳಾಗುತ್ತವೆ. ಉಷ್ಣತೆ ಅಥವಾ ಆಯಿಲ್ ಒತ್ತಡವನ್ನು ಸೂಚಿಸುವ ಕೆಂಪು ದೀಪ ಬೆಳಗಿದಲ್ಲಿ ಕೂಡಲೇ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಎಂಜಿನ್ ಆರಿಸುವುದು.

4. ಮಳೆಗಾಲ ಮತ್ತು ಘಟ್ಟದ ರಸ್ತೆ

ಶಿರಾಡಿ, ಚಾರ್ಮಾಡಿ, ಆಗುಂಬೆ ಮುಂತಾದ ಘಟ್ಟಗಳಲ್ಲಿ ಸಂಚರಿಸುವವರು ಮಳೆಗಾಲಕ್ಕೆ ಮುನ್ನವೇ ವೈಪರಿನ ರಬ್ಬರ್, ದೀಪಗಳು ಹಾಗೂ ಬ್ರೇಕನ್ನು ಸರಿಪಡಿಸಿಕೊಳ್ಳುವುದು ಒಳಿತು. ಚಾಲನೆಯ ವೇಳೆ ಈ ಕೆಳಕಂಡ ಅಂಶಗಳನ್ನು ಪಾಲಿಸತಕ್ಕದ್ದು.

ಅ) ಇಳಿಜಾರಿನಲ್ಲಿ ಕೆಳ ಗೇರಿನಲ್ಲಿ ಇಳಿಯಬೇಕು. ಎಂಜಿನ್ನಿನ ತಡೆಯೇ ವೇಗವನ್ನು ಹಿಡಿದಿಡುವುದರಿಂದ ಬ್ರೇಕ್ ಕಾಯುವುದಿಲ್ಲ.

ಆ) ಇಂಧನ ಉಳಿಸುವ ಉದ್ದೇಶದಿಂದ ಎಂಜಿನ್ ಆರಿಸಿ ಅಥವಾ ನ್ಯೂಟ್ರಲ್‌ನಲ್ಲಿ ಇಳಿಯಬಾರದು. ಎಂಜಿನ್ ಆರಿಸಿದರೆ ಬ್ರೇಕ್ ಮತ್ತು ಪವರ್ ಸ್ಟಿಯರಿಂಗಿಗೆ ದೊರೆಯುವ ನೆರವು ನಿಂತುಹೋಗುತ್ತದೆ. ಉಳಿಯುವ ಕೆಲವು ರೂಪಾಯಿಗಳಿಗಾಗಿ ಕಾರಿನಲ್ಲಿರುವವರೆಲ್ಲರ ಜೀವವನ್ನು ಪಣಕ್ಕಿಟ್ಟಂತಾಗುತ್ತದೆ.

ಇ) ಕಿರಿದಾದ ಘಟ್ಟದ ದಾರಿಯಲ್ಲಿ ಮೇಲೇರುವ ವಾಹನಕ್ಕೆ ಇಳಿಯುವ ವಾಹನವು ದಾರಿ ಬಿಡತಕ್ಕದ್ದು. ತಿರುವಿನಲ್ಲಿ ಹಿಂದಿಕ್ಕುವುದನ್ನು ನಿಷೇಧಿಸಲಾಗಿದೆ.

ಈ) ಮಂಜಿನಲ್ಲಿ ಕೆಳಬೆಳಕನ್ನು ಬಳಸಬೇಕು. ಮೇಲ್ಬೆಳಕು ಮಂಜಿನಿಂದ ಪ್ರತಿಫಲಿಸಿ ಚಾಲಕನ ಕಣ್ಣಿಗೇ ಕುಕ್ಕುತ್ತದೆ.

ಉ) ಸೇತುವೆ ಅಥವಾ ಅಂಡರ್‌ಪಾಸಿನಲ್ಲಿ ನೀರಿನ ಆಳ ತಿಳಿಯದಿದ್ದಲ್ಲಿ ಮುಂದುವರಿಯಬಾರದು. ನೀರಿನಲ್ಲಿ ನಿಂತುಹೋದ ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ಯತ್ನಿಸಬಾರದು. ಸಿಲಿಂಡರಿಗೆ ನೀರು ನುಗ್ಗಿ ಎಂಜಿನ್ ಮುರಿಯಬಹುದು. ನೀರು ಏರುತ್ತಿದ್ದರೆ ಕಾರನ್ನು ಬಿಟ್ಟು ಹೊರಬರುವುದೇ ಕ್ಷೇಮ.

5. ವೇಗ ಮತ್ತು ಸೀಟ್ ಬೆಲ್ಟ್

ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಸಾಗಿರುತ್ತದೆ. ಚಾಲಕನು ಅಪಾಯವನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಇಷ್ಟು ದೂರ ಕಳೆದಿರುತ್ತದೆ. ವೇಗವು ಎರಡರಷ್ಟಾದರೆ ಬ್ರೇಕ್ ಒತ್ತಿದ ನಂತರ ನಿಲ್ಲಲು ಬೇಕಾಗುವ ದೂರವು ನಾಲ್ಕರಷ್ಟಾಗುತ್ತದೆ. ಒದ್ದೆ ರಸ್ತೆಯಲ್ಲಿ ಇದು ಇನ್ನೂ ಹೆಚ್ಚು. ಹಿಂದಿನ ಆಸನದವರೂ ಸೀಟ್ ಬೆಲ್ಟ್ ಧರಿಸುವುದು ಕಡ್ಡಾಯವಾಗಿರುತ್ತದೆ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದಿನ ಆಸನದಲ್ಲಿ ಪ್ರಯಾಣಿಸಬಾರದು. ಅಪಘಾತದ ರಭಸದಲ್ಲಿ ಎಷ್ಟೇ ಬಲಶಾಲಿಯಾದವರ ಕೈಗಳೂ ಮಗುವನ್ನು ಹಿಡಿದಿಡಲಾರವು.

6. ದಾಖಲೆಗಳು

ವಿಮೆ: ಮೂರನೆಯ ವ್ಯಕ್ತಿಯ ವಿಮೆಯು ಕಲಂ 146ರ ಅನ್ವಯ ಕಡ್ಡಾಯ. ವಿಮೆಯ ಅವಧಿ ಮುಗಿದ ಕಾರಿನಿಂದ ಅಪಘಾತವಾದಲ್ಲಿ ಪರಿಹಾರದ ಮೊತ್ತವನ್ನು ಮಾಲೀಕರು ತಮ್ಮ ಸ್ವಂತ ಆಸ್ತಿಯಿಂದ ಭರಿಸಬೇಕಾಗುತ್ತದೆ. ಸಂತ್ರಸ್ತ ಕುಟುಂಬಕ್ಕೂ ಪರಿಹಾರವು ಸಕಾಲದಲ್ಲಿ ದೊರೆಯದೆ ಹೋಗಬಹುದು.

ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ: ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಮೊದಲ ನೋಂದಣಿಯಿಂದ ಒಂದು ವರ್ಷದ ನಂತರ ಇದು ಅಗತ್ಯ. ಭಾರತ್ ಸ್ಟೇಜ್ 4 ಮತ್ತು 6ರ ಕಾರುಗಳಿಗೆ 12 ತಿಂಗಳು, ಅದಕ್ಕೂ ಹಳೆಯ ಕಾರುಗಳಿಗೆ 6 ತಿಂಗಳ ಅವಧಿ ಇರುತ್ತದೆ.

ನೋಂದಣಿ ನವೀಕರಣ: 15 ವರ್ಷ ತುಂಬುವ ಮುನ್ನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬಹುದು. ವಾಹನದ ತಪಾಸಣೆಯ ನಂತರ 5 ವರ್ಷಗಳಿಗೆ ನವೀಕರಿಸಲಾಗುತ್ತದೆ. ಮೇಲ್ಕಂಡಂತೆ ನಿರ್ವಹಿಸಿದ ಕಾರನ್ನು ತಪಾಸಣೆಗಾಗಿ ಮತ್ತೆ ಮತ್ತೆ ತರುವ ಪ್ರಮೇಯ ಸಾಮಾನ್ಯವಾಗಿ ಒದಗುವುದಿಲ್ಲ.

7. ಅಪಘಾತವಾದಲ್ಲಿ

ಗಾಯಾಳುವಿಗೆ ವೈದ್ಯಕೀಯ ನೆರವು ಒದಗಿಸುವುದು ಚಾಲಕರ ಮೊದಲ ಕರ್ತವ್ಯ. ಆಂಬುಲೆನ್ಸ್‌ಗಾಗಿ 108, ತುರ್ತು ನೆರವಿಗಾಗಿ 112 ಸಂಖ್ಯೆಗೆ ಕರೆ ಮಾಡಬಹುದು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದಲ್ಲಿ 24 ಗಂಟೆಗಳೊಳಗಾಗಿ ಸಮೀಪದ ಠಾಣೆಗೆ ವರದಿ ಮಾಡತಕ್ಕದ್ದು. 2019ರ ತಿದ್ದುಪಡಿಯಿಂದ ಸೇರಿಸಲಾದ ಕಲಂ 134ಎ, ಸದುದ್ದೇಶದಿಂದ ಗಾಯಾಳುವಿಗೆ ನೆರವಾಗುವ ದಾರಿಹೋಕರಿಗೆ ರಕ್ಷಣೆ ನೀಡುತ್ತದೆ. ಅವರ ಹೆಸರು, ವಿಳಾಸ ತಿಳಿಸುವಂತೆ ಬಲವಂತಪಡಿಸುವಂತಿಲ್ಲ. ಆದ್ದರಿಂದ ಸಾರ್ವಜನಿಕರು ಯಾವುದೇ ಅಂಜಿಕೆಯಿಲ್ಲದೆ ನೆರವಿಗೆ ಧಾವಿಸಬಹುದು.

ಸೂಚನೆ: ವಾಹನದ ಮಾದರಿಗನುಗುಣವಾಗಿ ನಿರ್ವಹಣೆಯ ಅವಧಿಗಳು ಬದಲಾಗುವುದರಿಂದ, ತಯಾರಕರ ಕೈಪಿಡಿಯನ್ನು ಕಾರಿನಲ್ಲಿಯೇ ಇಟ್ಟುಕೊಳ್ಳುವಂತೆ ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.