ಡ್ರಮ್ಮಿನೊಳಗೆ ಏನಿದೆ ಎಂದು ಕೇಳುವವರು ಬೇಕು



ಸರಿಯಾಗಿ ಒಣಗದ ಬೈಹುಲ್ಲನ್ನು ಬಣವೆ ಹಾಕಿದರೆ ಏನಾಗುತ್ತದೆಂದು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊರಗಿನಿಂದ ಮುಟ್ಟಿದರೆ ತಣ್ಣಗಿರುತ್ತದೆ. ಕೆಲವು ದಿನ ಕಳೆದು ಒಳಗೆ ಕೈ ಹಾಕಿದರೆ ಸುಡುತ್ತದೆ. ಹಟ್ಟಿಯಿಂದ ಸೊಪ್ಪುಗೊಬ್ಬರ ತೆಗೆಯುವಾಗ ಹಬೆ ಏಳುವುದನ್ನೂ ನಾವು ನೋಡಿದ್ದೇವೆ. ಹೀಗೆಯೇ ಕಣ್ಣಿಗೆ ಕಾಣದೆ ಒಳಗೊಳಗೇ ಬಿಸಿಯೇರಿ, 2014ರಲ್ಲಿ ಅಮೆರಿಕದ ಒಂದು ಅಣು ಸಂಶೋಧನಾಲಯದ ಕಸದ ಡ್ರಮ್ಮು ನೆಲದಡಿಯಲ್ಲಿ ಒಡೆಯಿತು. ಆ ಸಂಗತಿಯನ್ನು ಈ ಸಲ ವಿವರಿಸಲು ಬಯಸುತ್ತೇವೆ. ಅಪಾಯಕಾರಿ ವಸ್ತುಗಳ ವಿಲೇವಾರಿಯ ಮೇಲೆ ಹೊರಗಿನವರ ಕಣ್ಣು ಏಕೆ ಇರಬೇಕೆಂಬುದು ಇದರಿಂದ ಚೆನ್ನಾಗಿ ತಿಳಿಯುತ್ತದೆ.

ಕಸ ಎಲ್ಲಿಂದ ಎಲ್ಲಿಗೆ?

ನ್ಯೂ ಮೆಕ್ಸಿಕೊ ರಾಜ್ಯದ ಉತ್ತರ ಭಾಗದಲ್ಲಿ ಲಾಸ್ ಅಲಾಮೋಸ್ ಎಂಬ ಸಂಶೋಧನಾಲಯವಿದೆ. ಮೊದಲ ಅಣುಬಾಂಬನ್ನು ರೂಪಿಸಲು 1943ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಅಲ್ಲಿ ಪ್ಲುಟೋನಿಯಂ ಸೋಕಿದ ಕೈಗವಸು, ಬಟ್ಟೆ, ಉಪಕರಣ, ರಾಸಾಯನಿಕ ಉಪ್ಪು ಮುಂತಾದ ಕಸ ದಶಕಗಳಿಂದ ಶೇಖರವಾಗಿತ್ತು. ಸಾವಿರಾರು ವರ್ಷ ಅಪಾಯಕಾರಿಯಾಗಿಯೇ ಉಳಿಯುವ ಈ ಕಸವನ್ನು ಹೂಳಲು ಅದೇ ರಾಜ್ಯದ ದಕ್ಷಿಣದಲ್ಲಿ, ಕಾರ್ಲ್ಸ್‌ಬ್ಯಾಡ್ ಪಟ್ಟಣದ ಹತ್ತಿರ, ಒಂದು ಉಗ್ರಾಣವನ್ನು ಕೊರೆದರು. ಅದು ಸುಮಾರು 655 ಮೀಟರ್ ಆಳದಲ್ಲಿ, ಪ್ರಾಚೀನ ಕಾಲದ ಉಪ್ಪಿನ ಪದರದೊಳಗಿದೆ. ಉಪ್ಪು ನಿಧಾನವಾಗಿ ಸರಿದು ಬಂದು ಡ್ರಮ್ಮುಗಳನ್ನು ತಾನೇ ಮುಚ್ಚಿಬಿಡುತ್ತದೆಂಬುದು ಇದರ ತತ್ತ್ವ. ವಿಪ್ ಎಂಬ ಹೆಸರಿನ ಈ ಉಗ್ರಾಣಕ್ಕೆ 1999ರ ಮಾರ್ಚ್‌ನಲ್ಲಿ ಮೊದಲ ಲಾರಿ ಕಸ ಬಂತು.

ಉಗ್ರಾಣಕ್ಕೆ ಒಂದು ನಿಯಮವಿದೆ. ಡ್ರಮ್ಮಿನೊಳಗೆ ದ್ರವ ಇರಬಾರದು, ಬೆಂಕಿ ಹಿಡಿಯುವ ವಸ್ತುವೂ ಇರಬಾರದು. ಲಾಸ್ ಅಲಾಮೋಸ್‌ನ ಕೆಲವು ಡ್ರಮ್ಮುಗಳಲ್ಲಿದ್ದ ನೈಟ್ರೇಟ್ ಉಪ್ಪು ಒದ್ದೆಯಾಗಿತ್ತು. ಅದಕ್ಕೆ ಏನನ್ನಾದರೂ ಬೆರೆಸಿ ನೀರು ಹೀರಿಸಬೇಕಾಯಿತು.

ಒಂದು ಪದದ ತಪ್ಪು

ಪಾಶ್ಚಾತ್ಯರ ಮನೆಗಳಲ್ಲಿ ಬೆಕ್ಕು ಮನೆಯೊಳಗೇ ಇರುವುದರಿಂದ, ಅದರ ಮಲಮೂತ್ರಕ್ಕಾಗಿ ತಟ್ಟೆಯೊಂದರಲ್ಲಿ ನೀರು ಹೀರುವ ಹರಳುಗಳನ್ನು ಹಾಕಿಡುತ್ತಾರೆ. ಇವು ಸಾಮಾನ್ಯವಾಗಿ ಜೇಡಿಮಣ್ಣಿನಿಂದ ಮಾಡಿದವು. ಮಣ್ಣು ಉರಿಯುವುದಿಲ್ಲ, ಆದುದರಿಂದ ಇಂತಹ ಹರಳು ಅಥವಾ ಜಿಯೋಲೈಟ್ ಎಂಬ ಖನಿಜವನ್ನು ಬೆರೆಸಬಹುದೆಂದು ಪರಿಣತರು 2012ರಲ್ಲಿ ಸಲಹೆಯಿತ್ತರು. ಅಂದರೆ ‘ನಿರವಯವ’ ಪದಾರ್ಥ. ಆದರೆ ಕೆಲಸಗಾರರಿಗಾಗಿ ಬರೆದ ಕಾರ್ಯವಿಧಾನದಲ್ಲಿ ಅದು ‘ಸಾವಯವ’ ಎಂದಾಯಿತು. ಇಂಗ್ಲಿಷಿನಲ್ಲಿ ಈ ಎರಡು ಪದಗಳ ನಡುವೆ ಎರಡೇ ಅಕ್ಷರಗಳ ಅಂತರ. ಬರೆದಂತೆಯೇ ನಡೆಯಿತು: ಮಾರುಕಟ್ಟೆಯಿಂದ ಗೋಧಿಯಿಂದ ಮಾಡಿದ ಹರಳು ತಂದು ಬೆರೆಸಿದರು.

ಕೃಷಿಕರಾದ ನಮಗೆ ‘ಸಾವಯವ’ ಎಂಬುದು ಬಹಳ ಒಳ್ಳೆಯ ಮಾತು. ಆದರೆ ಇಲ್ಲಿ ಅದೇ ಮುಳುವಾಯಿತು. ಏಕೆಂಬುದು ಕೋವಿಮದ್ದು ನೋಡಿದವರಿಗೆ ಸುಲಭವಾಗಿ ತಿಳಿಯುತ್ತದೆ. ಕೋವಿಮದ್ದಿನಲ್ಲಿರುವುದು ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕ. ಪೆಟ್ಲುಪ್ಪು ಒಂದು ನೈಟ್ರೇಟ್. ಅದು ತಾನು ಉರಿಯುವುದಿಲ್ಲ, ಆದರೆ ಉರಿಯುವುದಕ್ಕೆ ಬೇಕಾದ ಆಮ್ಲಜನಕವನ್ನು ತನ್ನೊಳಗಿನಿಂದಲೇ ಒದಗಿಸುತ್ತದೆ. ಇದ್ದಿಲು ಸೌದೆಯ ಕೆಲಸ ಮಾಡುತ್ತದೆ. ಲಾಸ್ ಅಲಾಮೋಸ್‌ನ ಡ್ರಮ್ಮಿನಲ್ಲಿ ನೈಟ್ರೇಟ್ ಮೊದಲೇ ಇತ್ತು, ಗೋಧಿ ಸೌದೆಯಾಯಿತು. ಆಮ್ಲೀಯತೆ ಕಡಿಮೆಮಾಡಲು ಬೆರೆಸಿದ ದ್ರವವೂ ಸಾವಯವ ಜಾತಿಯದೇ ಆಗಿತ್ತು. ಮುಚ್ಚಿದ ಡ್ರಮ್ಮಿನೊಳಗೆ ಹೊರಗಿನ ಗಾಳಿ ಬೇಕಾಗದೆಯೇ ನಿಧಾನವಾಗಿ ಬಿಸಿಯೇರಿತು.

2014ರ ಫೆಬ್ರವರಿ 14ರ ರಾತ್ರಿ 11 ಗಂಟೆ ದಾಟಿದ ಮೇಲೆ ಉಗ್ರಾಣದ ಎಚ್ಚರಿಕೆಯ ಗಂಟೆ ಬಾರಿಸಿತು. 68660 ಸಂಖ್ಯೆಯ ಡ್ರಮ್ಮು ಒಡೆದು ಪ್ಲುಟೋನಿಯಂ ಮತ್ತು ಅಮೆರೀಸಿಯಂ ಕಣಗಳು ಸುರಂಗದ ಗಾಳಿಯಲ್ಲಿ ಹರಡಿದ್ದವು. ಆ ಹೊತ್ತಿನಲ್ಲಿ ಕೆಳಗೆ ಯಾರೂ ಇರಲಿಲ್ಲ. ಹೆಚ್ಚಿನ ಕಣಗಳನ್ನು ಶೋಧಕಗಳು ತಡೆದರೂ ಸ್ವಲ್ಪ ಅಂಶ ಮೇಲಕ್ಕೆ ಬಂದಿತು. 20ಕ್ಕೂ ಹೆಚ್ಚು ನೌಕರರ ದೇಹದಲ್ಲಿ ಅಲ್ಪ ಪ್ರಮಾಣದ ವಿಕಿರಣಶೀಲ ಅಂಶ ಕಂಡುಬಂತು. ಉಗ್ರಾಣ ಸುಮಾರು ಮೂರು ವರ್ಷ ಮುಚ್ಚಿತು. 2017ರ ಜನವರಿಯಲ್ಲಿ ಮಾತ್ರ ಮತ್ತೆ ಕಸ ಇಡುವ ಕೆಲಸ ಆರಂಭವಾಯಿತು.

ತನಿಖೆಯಲ್ಲಿ ಇನ್ನೊಂದು ವಿಷಯವೂ ಹೊರಬಿತ್ತು. ದ್ರವ ಬೆರೆಸುವಾಗ ನೊರೆ ಏಳುತ್ತದೆ, ಹಳದಿ ಹೊಗೆ ಬರುತ್ತದೆ ಎಂದು ಕೆಲಸಗಾರರು ಮೊದಲೇ ಹೇಳಿದ್ದರು. ನೊರೆ ಇಳಿಯುವವರೆಗೆ ಕಾದು ಕೆಲಸ ಮುಂದುವರಿಸಿ ಎಂಬ ಉತ್ತರ ಅವರಿಗೆ ಸಿಕ್ಕಿತ್ತು.

ಕೇಳುವ ಹಕ್ಕು ಯಾರದು?

ಅಮೆರಿಕದಲ್ಲಿ ಇಂತಹ ಸರಕಾರಿ ಅಣು ಕೇಂದ್ರಗಳ ವಿಕಿರಣದ ವಿಷಯವನ್ನು ಕೇಂದ್ರದ ಇಂಧನ ಇಲಾಖೆ ತಾನೇ ನೋಡಿಕೊಳ್ಳುತ್ತದೆ. ಕೆಲಸ ಮಾಡಿಸುವವರೂ ಅವರೇ, ಪರೀಕ್ಷಿಸುವವರೂ ಅವರೇ. ಆದರೆ ಕಸದಲ್ಲಿ ವಿಕಿರಣದ ಜೊತೆಗೆ ಅಪಾಯಕಾರಿ ರಾಸಾಯನಿಕವೂ ಇದ್ದರೆ, ಆ ರಾಸಾಯನಿಕಕ್ಕೆ 1976ರ ಕಸ ನಿಯಂತ್ರಣ ಕಾನೂನು ಅನ್ವಯಿಸುತ್ತದೆ. ಅದರ ಜಾರಿಯ ಅಧಿಕಾರ ನ್ಯೂ ಮೆಕ್ಸಿಕೊದಲ್ಲಿ ರಾಜ್ಯದ ಪರಿಸರ ಇಲಾಖೆಯ ಕೈಯಲ್ಲಿದೆ. ಕೇಂದ್ರ ಸರಕಾರದ ಸಂಸ್ಥೆಯಾದರೂ ರಾಜ್ಯವು ದಂಡ ಹಾಕಬಹುದೆಂದು 1992ರಲ್ಲಿ ಇನ್ನೊಂದು ಕಾನೂನು ಸ್ಪಷ್ಟಪಡಿಸಿತು.

ಡ್ರಮ್ಮು ಒಡೆದದ್ದು ಅಣುಶಕ್ತಿಯಿಂದಲ್ಲ, ರಸಾಯನದಿಂದ. ಹಾಗಾಗಿ ರಾಜ್ಯಕ್ಕೆ ಪ್ರಶ್ನಿಸುವ ಹಕ್ಕಿತ್ತು. ಅನುಮತಿಯಿಲ್ಲದೆ ಕಸಕ್ಕೆ ಬೆರಕೆ ಮಾಡಿದ್ದು, ಅದು ಬೆಂಕಿ ಹಿಡಿಯಬಲ್ಲದೆಂದು ದಾಖಲೆಯಲ್ಲಿ ತೋರಿಸದಿದ್ದದ್ದು ಮುಂತಾಗಿ ಸಂಶೋಧನಾಲಯದ 24 ಹಾಗೂ ಉಗ್ರಾಣದ 13 ತಪ್ಪುಗಳನ್ನು ಪಟ್ಟಿಮಾಡಿ, 2014ರ ಡಿಸೆಂಬರಿನಲ್ಲಿ 5 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು ದಂಡ ವಿಧಿಸಿತು. ಮಾತುಕತೆಯ ಬಳಿಕ 2016ರ ಜನವರಿಯಲ್ಲಿ ಸುಮಾರು 7 ಕೋಟಿ 40 ಲಕ್ಷ ಡಾಲರಿನ ಒಪ್ಪಂದವಾಯಿತು. ಕಸದ ಲಾರಿ ಓಡುವ ರಸ್ತೆಗಳ ದುರಸ್ತಿ, ಹಳೆಯ ನೀರಿನ ಕೊಳವೆಗಳ ಬದಲಾವಣೆ, ಮಳೆನೀರಿನ ತಡೆ, ಮೂರು ವರ್ಷಕ್ಕೊಮ್ಮೆ ಹೊರಗಿನವರಿಂದ ತಪಾಸಣೆ ಇವೆಲ್ಲ ಅದರಲ್ಲಿ ಸೇರಿದ್ದವು. ಲಾಸ್ ಅಲಾಮೋಸ್‌ನಲ್ಲಿ ಉಳಿದಿದ್ದ ಇಂತಹ ಡ್ರಮ್ಮುಗಳಿಗೆ 2017ರಲ್ಲಿ ಜಿಯೋಲೈಟ್ ಬೆರೆಸಿ ಅಪಾಯ ತಗ್ಗಿಸಲಾಯಿತು.

ಕಾವಲು ಕಾಯುವವರಿಗೂ ಇಲ್ಲಿ ಪಾಠವಿದೆ. 2011ರಲ್ಲಿ ಕಾಡ್ಗಿಚ್ಚು ಸಂಶೋಧನಾಲಯದ ಹತ್ತಿರ ಬಂದಾಗ ಜನ ಹೆದರಿದರು. 3,706 ಘನ ಮೀಟರ್ ಕಸವನ್ನು 2014ರ ಜೂನ್ 30ರೊಳಗೆ ಸಾಗಿಸಬೇಕೆಂದು 2012ರಲ್ಲಿ ರಾಜ್ಯವೂ ಕೇಂದ್ರವೂ ಒಪ್ಪಿಕೊಂಡವು. ಉದ್ದೇಶ ಒಳ್ಳೆಯದೇ. ಆದರೆ ಎಷ್ಟು ಡ್ರಮ್ಮು ಹೋಯಿತೆಂದು ಎಣಿಸಿದರೆ ಸಾಲದು, ಒಳಗೆ ಏನು ಹಾಕಿದ್ದೀರಿ ಎಂದೂ ಕೇಳಬೇಕಿತ್ತು. ದಂಡ ಬಂದದ್ದು ಡ್ರಮ್ಮು ಒಡೆದ ಮೇಲೆ. ಪ್ರಶ್ನೆ ಬರಬೇಕಾದದ್ದು ಮುಚ್ಚಳ ಹಾಕುವ ಮೊದಲು.

ನಮ್ಮ ಮನೆಯಲ್ಲಿ

ಕಾಸರಗೋಡಿನ ನಮಗೆ ಈ ಮಾತು ದೂರದ್ದಲ್ಲ. ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿದಾಗ, ಇದರಲ್ಲಿ ಏನಿದೆ ಎಂದು ಕೇಳಿದ ಬಡವರ ಮಾತಿಗೆ ಬೆಲೆ ಬರಲು ಎಷ್ಟು ತಡವಾಯಿತೆಂದು ನಾವು ಬಲ್ಲೆವು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ನಿಲ್ಲಿಸುವಷ್ಟರಲ್ಲಿ ಅನೇಕ ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಿದ್ದರು.

ಆದುದರಿಂದ ನಮ್ಮ ಕೊಟ್ಟಿಗೆಯಿಂದಲೇ ಆರಂಭಿಸೋಣ. ರಾಸಾಯನಿಕ ಗೊಬ್ಬರದ ಚೀಲವನ್ನು ಬೈಹುಲ್ಲು, ಮರದ ಹುಡಿ, ಎಣ್ಣೆಯ ಹತ್ತಿರ ಇಡಬಾರದು. ಕೀಟನಾಶಕವನ್ನು ಬೇರೆ ಬಾಟಲಿಗೆ ಸುರಿಯಬಾರದು, ಲೇಬಲ್ ಕಿತ್ತುಹೋಗಲು ಬಿಡಬಾರದು. ಉಳಿದ ಎರಡು ಮದ್ದುಗಳನ್ನು ಅಂದಾಜಿನ ಮೇಲೆ ಬೆರೆಸಬಾರದು. ಸಂಶಯವಿದ್ದರೆ ಕೃಷಿ ಭವನದಲ್ಲಿ ಕೇಳಬೇಕು. ಕೊನೆಯದಾಗಿ, ಮದ್ದು ಬಿಡುವ ಕೆಲಸದಾಳು “ಇದು ಯಾಕೋ ನೊರೆ ಬರುತ್ತದೆ, ಧಣಿಗಳೇ” ಎಂದರೆ ಅವನನ್ನು ಸುಮ್ಮನಾಗಿಸದೆ, ಕೆಲಸ ನಿಲ್ಲಿಸಿ ಹತ್ತಿರ ಹೋಗಿ ನೋಡೋಣ.